ವಾಹನಪರಿಮಾಣ: ಮಿತಿ ಮೊದಲೋ, ಬಯಕೆ ಮೊದಲೋ?

ಗೃಹಸ್ಥಧರ್ಮವು ಸರ್ವಸಂಗಪರಿತ್ಯಾಗವನ್ನು ಯಾರ ಮೇಲೂ ಹೊರಿಸುವುದಿಲ್ಲ. ಮಹಾವ್ರತಗಳು ಮುನಿಗಳಿಗೆ ಸಂದವು. ಮನೆ, ಮಳಿಗೆ, ಹೊಲ, ದನಕರು, ಧನಧಾನ್ಯ, ವಾಹನ ಇವೆಲ್ಲವನ್ನು ಇರಿಸಿಕೊಂಡೇ ಬಾಳಬೇಕಾದ ಶ್ರಾವಕನಿಗೆ ಅಣುವ್ರತಗಳು ವಿಹಿತವಾಗಿವೆ. ಐದನೆಯ ಅಣುವ್ರತವನ್ನು ನಿರೂಪಿಸುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದಕ್ಕೆ ಎರಡು ಹೆಸರುಗಳನ್ನು ಹೇಳಿದ್ದಾರೆ. ಒಂದು ಪರಿಮಿತಪರಿಗ್ರಹ, ಇನ್ನೊಂದು ಇಚ್ಛಾಪರಿಮಾಣ. ಮೊದಲನೆಯ ಹೆಸರು ವಸ್ತುವನ್ನು ಅಳೆಯುತ್ತದೆ. ಎರಡನೆಯದು ವಸ್ತುವಿನ ಕಡೆಗೆ ಹರಿಯುವ ಬಯಕೆಯನ್ನು ಅಳೆಯುತ್ತದೆ. ಒಂದೇ ವ್ರತಕ್ಕೆ ಎರಡು ಹೆಸರುಗಳು ಏಕೆ ಬೇಕಾದುವೆಂಬುದು ಮೇಲ್ನೋಟಕ್ಕೆ ಹೊಳೆಯದಿರಬಹುದು. ಇಂದು ಸ್ಥಿತಿವಂತ ಶ್ರಾವಕರ ಮನೆಗಳಲ್ಲಿ ಏಳುತ್ತಿರುವ ಒಂದು ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಆಚಾರ್ಯರ ದೂರದೃಷ್ಟಿ ಸ್ಪಷ್ಟವಾಗುತ್ತದೆ. ಅದು ಹೊಸದೊಂದು ಐಷಾರಾಮಿ ಸೆಡಾನ್ ಕಾರನ್ನು ಕೊಳ್ಳಬಹುದೇ ಎಂಬ ಪ್ರಶ್ನೆ.

ವಾಹನವು ಶಾಸ್ತ್ರಕಾರರ ಕಣ್ಣಿಗೆ ಬೀಳದ ವಸ್ತುವೇನಲ್ಲ. ಒಮ್ಮೆ ಬಳಸಿ ಮುಗಿಯುವ ಅನ್ನದಂಥದು ಭೋಗ, ಮತ್ತೆ ಮತ್ತೆ ಬಳಸಬಹುದಾದ ವಸ್ತ್ರದಂಥದು ಉಪಭೋಗ. ಈ ವಿಭಾಗದಲ್ಲಿ ವಾಹನವು ಉಪಭೋಗಕ್ಕೆ ಸೇರುತ್ತದೆ. ಕಾಲಮಿತಿಯಿಂದ ನಿಯಮಿಸಿಕೊಳ್ಳಬೇಕಾದ ಭೋಗೋಪಭೋಗಗಳನ್ನು ಸಮಂತಭದ್ರರು ಹೆಸರಿಸುವಾಗ ಭೋಜನದ ಬೆನ್ನಿಗೇ ವಾಹನವನ್ನು ಹೇಳಿ, ಹಾಸಿಗೆ, ಸ್ನಾನ, ತಾಂಬೂಲ, ಆಭರಣಗಳನ್ನು ಅನಂತರ ಹೇಳಿದ್ದಾರೆ. ಉಪಾಸಕದಶಾಂಗದಲ್ಲಿ ಬರುವ ಆನಂದ ಶ್ರಾವಕನು ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ವ್ರತ ಸ್ವೀಕರಿಸಿದಾಗ ಪಯಣಕ್ಕೆ 500 ಬಂಡಿಗಳು, ಸರಕು ಸಾಗಿಸಲು 500 ಬಂಡಿಗಳು ಎಂದು ಎಣಿಸಿ ಮಿತಿ ಹಾಕಿಕೊಂಡನು. ಸಾವಿರ ಬಂಡಿಗಳ ಒಡೆಯನು ವ್ರತಿಯೆನಿಸಿದನು. ಇದನ್ನು ಕೇಳಿ ಕೆಲವರು ನಗುವುದುಂಟು. ಆದರೆ ಸಾವಿರದ ಒಂದನೆಯ ಬಂಡಿಯ ಕಡೆಗೆ ಅವನ ಮನಸ್ಸು ಮತ್ತೆ ಹೋಗಬಾರದಾಯಿತು ಎಂಬುದನ್ನು ಮರೆಯಬಾರದು. ಎಷ್ಟು ಎಂಬುದು ಅವರವರ ಶಕ್ತಿಗೆ ಬಿಟ್ಟದ್ದು. ಇಷ್ಟೇ ಎಂದು ಮೊದಲೇ ನುಡಿದು ನಿಲ್ಲುವುದು ವ್ರತದ ಪ್ರಾಣ.

ಹಿಂದಿನ ತಲೆಮಾರಿಗೆ ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿರಲಿಲ್ಲ. 1970ರ ದಶಕದಲ್ಲಿ ಅಂಬಾಸಡರ್, ಪ್ರೀಮಿಯರ್, ಸ್ಟ್ಯಾಂಡರ್ಡ್ ಎಂಬ ಎರಡು ಮೂರು ಹೆಸರುಗಳಲ್ಲದೆ ಬೇರೆ ಕಾರುಗಳು ದೊರೆಯುತ್ತಿರಲಿಲ್ಲ. ಹಣ ಕಟ್ಟಿದವನೂ ಸರದಿಗಾಗಿ ಬಹುಕಾಲ ಕಾಯಬೇಕಾಗಿತ್ತು. 1983ರಲ್ಲಿ ಮಾರುತಿ ಬಂದಿತು. 1991ರ ಅನಂತರ ಮಾರುಕಟ್ಟೆಯ ಬಾಗಿಲುಗಳು ತೆರೆದುವು. ಅಂದು ಮಿತಿಯನ್ನು ಸರ್ಕಾರವೂ ಕಾರ್ಖಾನೆಯೂ ಹಾಕಿದ್ದುವು. ದೊರೆಯದ ವಸ್ತುವನ್ನು ಬಿಟ್ಟಿದ್ದೇನೆ ಎನ್ನುವವನು ತ್ಯಾಗಿಯಾಗುವುದಿಲ್ಲ. ಇಂದು ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಗಾಜಿನ ಗೋಡೆಯ ಹಿಂದೆ ಕಾರು ಹೊಳೆಯುತ್ತ ನಿಂತಿರುತ್ತದೆ, ಸಾಲ ಕೊಡುವವರು ಮನೆಯ ಬಾಗಿಲಿಗೇ ಬರುತ್ತಾರೆ. ಹೊರಗಿನ ಮಿತಿಗಳೆಲ್ಲ ಕಳಚಿಬಿದ್ದ ಈ ಕಾಲದಲ್ಲಿ ಒಳಗಿನ ಮಿತಿಯೊಂದೇ ಉಳಿದಿದೆ. ಆ ದೃಷ್ಟಿಯಿಂದ ಇಂದಿನ ಶ್ರಾವಕನಿಗೆ ವ್ರತದ ಅವಕಾಶ ಹಿಂದಿನವರಿಗಿಂತ ಹೆಚ್ಚಾಗಿದೆಯೆಂದೇ ಹೇಳಬೇಕು.

ವಿಚಾರವು ಆಕಾಶದಲ್ಲಿ ತೇಲದಿರಲೆಂದು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ದಾವಣಗೆರೆಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಮಂಡಿ ನಡೆಸುವ ಒಬ್ಬ ಶ್ರಾವಕನು ಹನ್ನೆರಡು ವರ್ಷಗಳ ಹಿಂದೆ, ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ, ಮುನಿಗಳ ಸಮಕ್ಷಮ ಪರಿಗ್ರಹಪರಿಮಾಣ ಮಾಡಿಕೊಂಡಿದ್ದಾನೆ. ವಾಸಕ್ಕೆ ಒಂದು ಮನೆ, ವ್ಯಾಪಾರಕ್ಕೆ ಒಂದು ಮಂಡಿ, ಸರಕಿಗೆ ಒಂದು ಲಾರಿ, ಮನೆಮಂದಿಗೆ ಒಂದು ಕಾರು. ಆಗ ಇದ್ದ ಕಾರು ಇಂದಿಗೂ ಓಡುತ್ತಿದೆ; ಬಣ್ಣ ಮಾಸಿದೆ, ಎಂಜಿನ್ನು ಗಟ್ಟಿಯಾಗಿದೆ. ಮಗನು ಹರಿಹರದಲ್ಲಿ ಲೇತ್ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯನ್ನು ಇಟ್ಟುಕೊಂಡು ದಿನವೂ ಸುಮಾರು 14 ಕಿಲೋಮೀಟರು ಹೋಗಿ ಬರುತ್ತಾನೆ. ಅವನು 50 ಲಕ್ಷ ರೂಪಾಯಿ ಬೆಲೆಯ ಸೆಡಾನ್ ಒಂದನ್ನು ನೋಡಿ ಬಂದು ಹೀಗೆನ್ನುತ್ತಾನೆ: “ಅಪ್ಪಾಜಿ, ನೀವು ವ್ರತದಲ್ಲಿ ಬರೆದುಕೊಟ್ಟದ್ದು ಒಂದು ಕಾರು ಎಂದು. ಹಳೆಯದನ್ನು ಕೊಟ್ಟು ಹೊಸದನ್ನು ತಂದರೆ ಆಗಲೂ ಒಂದೇ ಅಲ್ಲವೆ?” ಲೆಕ್ಕದ ದೃಷ್ಟಿಯಿಂದ ಮಗನ ಮಾತಿನಲ್ಲಿ ತಪ್ಪಿಲ್ಲ. ಆದರೂ ತಂದೆಯು ತಟ್ಟನೆ ಹೂಂ ಎನ್ನಲಾರನು. ಏಕೆ?

ಈ ಸಂಕೋಚಕ್ಕೆ ಉತ್ತರವನ್ನು ಶಾಸ್ತ್ರಕಾರರು ಎಂದೋ ಬರೆದಿರಿಸಿದ್ದಾರೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ, ಲೆಕ್ಕ ತಪ್ಪದಂತೆ ನೋಡಿಕೊಂಡು ವ್ರತವನ್ನು ಕೆಡಿಸುವ ಜಾಣತನಗಳನ್ನು ಅತಿಚಾರಗಳೆಂದು ಎಣಿಸಲಾಗಿದೆ. ಒಂದೇ ಹೊಲವೆಂದು ವ್ರತ ತೊಟ್ಟವನು ಪಕ್ಕದ ಹೊಲವನ್ನು ಕೊಂಡು ನಡುವಣ ಬೇಲಿಯನ್ನು ಕಿತ್ತು, ಈಗಲೂ ಹೊಲ ಒಂದೇ ಎನ್ನುವನು. ಇಷ್ಟೇ ಪಾತ್ರೆಗಳೆಂದವನು ಎರಡು ಪಾತ್ರೆಗಳನ್ನು ಕರಗಿಸಿ ಭಾರವಾದ ಒಂದನ್ನು ಮಾಡಿಸಿ, ಸಂಖ್ಯೆ ಮೀರಲಿಲ್ಲ ಎನ್ನುವನು. ಬರಬೇಕಾದ ಧನಧಾನ್ಯವನ್ನು ವ್ರತದ ಅವಧಿ ಮುಗಿಯುವವರೆಗೆ ಕೊಡುವವನ ಬಳಿಯಲ್ಲೇ ಕಟ್ಟಿರಿಸಿ, ನನ್ನ ಕೈಗೆ ಬಂದಿಲ್ಲ ಎನ್ನುವನು ಒಬ್ಬ. ಹೆಚ್ಚಾದ ಚಿನ್ನವನ್ನು ಬಂಧುಗಳ ಕೈಯಲ್ಲಿರಿಸಿ, ಅದು ನನ್ನದಲ್ಲ ಎನ್ನುವನು ಇನ್ನೊಬ್ಬ.

ಪಾತ್ರೆ, ಹೊಲ, ಚಿನ್ನಗಳ ಈ ಮಾತುಗಳನ್ನು ಕಾರಿಗೆ ಅನ್ವಯಿಸಿ ನೋಡಬೇಕು. ಹತ್ತು ಲಕ್ಷದ ಕಾರಿನ ಸ್ಥಾನದಲ್ಲಿ ಐವತ್ತು ಲಕ್ಷದ ಕಾರು ಬಂದಿತು, ಸಂಖ್ಯೆ ಮಾತ್ರ ಒಂದೇ ಉಳಿಯಿತು. ಇದು ಎರಡು ಪಾತ್ರೆಗಳನ್ನು ಕರಗಿಸಿ ಒಂದು ಮಾಡಿದ ಕಥೆ. ಚಾತುರ್ಮಾಸ ಮುಗಿಯುವವರೆಗೆ ಹೊಸ ವಸ್ತು ಬೇಡವೆಂದು ನಿಯಮ ಹಿಡಿದವನು ಇಂದೇ ಮುಂಗಡ ಕೊಟ್ಟು, ಗಾಡಿ ಮಾತ್ರ ಕಾರ್ತಿಕದ ಅನಂತರ ಬರಲಿ ಎಂದರೆ ಅದು ಕಟ್ಟಿರಿಸಿದ ಧಾನ್ಯ. ತಂದೆಗೆ ವ್ರತವಿದೆ, ಮಗನ ಹೆಸರಿನಲ್ಲಿ ನೋಂದಣಿ ಮಾಡಿಸೋಣ ಎಂದು ತಂದೆಯ ಹಣದಿಂದಲೇ ಕೊಂಡರೆ ಅದು ಬಂಧುಗಳ ಕೈಯಲ್ಲಿಟ್ಟ ಚಿನ್ನ. ಎತ್ತಿನ ಬಂಡಿಯ ಕಾಲದಲ್ಲಿ ಹೇಳಿದ ಮಾತು ಇಂದಿನ ನೋಂದಣಿಪತ್ರಕ್ಕೂ ಅನ್ವಯಿಸುತ್ತದೆ, ಏಕೆಂದರೆ ಅದು ಬಂಡಿಯ ವಿಷಯವಾಗಿ ಹೇಳಿದ ಮಾತಲ್ಲ. ಮನುಷ್ಯನ ಮನಸ್ಸಿನ ವಿಷಯವಾಗಿ ಹೇಳಿದ್ದು. ವ್ರತದ ಅಪೇಕ್ಷೆಯಿದ್ದೂ ಅಂಶತಃ ಭಂಗವಾದರೆ ಅದು ಅತಿಚಾರ. ಅಪೇಕ್ಷೆಯನ್ನೇ ತೊರೆದರೆ ಅನಾಚಾರ. ತಂದೆಯ ಸಂಕೋಚವೇ ಅವನಲ್ಲಿ ವ್ರತಾಪೇಕ್ಷೆ ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ.

ಇಚ್ಛಾಪರಿಮಾಣ ಎಂಬ ಎರಡನೆಯ ಹೆಸರು ಇಲ್ಲಿ ಕೆಲಸಕ್ಕೆ ಬರುತ್ತದೆ. ಪರಿಮಿತಪರಿಗ್ರಹವೆಂಬ ಹೆಸರಿನಿಂದ ನೋಡಿದರೆ ಒಂದು ಕಾರು ಹೋಗಿ ಒಂದು ಕಾರು ಬರುತ್ತದೆ. ಇಚ್ಛಾಪರಿಮಾಣವೆಂಬ ಹೆಸರಿನಿಂದ ನೋಡಿದರೆ ಬಯಕೆಯು ಐದು ಪಟ್ಟು ಬೆಳೆದಿದೆ. ಅಂದು ಒಂದು ಕಾರು ಎಂದು ನುಡಿದಾಗ ಅವನ ಮನಸ್ಸಿನಲ್ಲಿದ್ದ ಕಾರು ಯಾವುದು? ಮನೆಮಂದಿ ಮಳೆಯಲ್ಲಿ ನೆನೆಯದೆ ಊರಿಂದೂರಿಗೆ ಹೋಗಿಬರುವ ಸಾಧನವೋ, ಕಂಡವರು ತಿರುಗಿ ನೋಡುವ ವೈಭವವೋ? ವ್ರತದ ಅಕ್ಷರ ಮೌನವಾಗಿರುವಲ್ಲಿ ವ್ರತ ತೊಟ್ಟ ದಿನದ ಭಾವವೇ ಪ್ರಮಾಣ.

ದಿಗ್ವ್ರತವನ್ನು ವಿವರಿಸುವಾಗ ಆಚಾರ್ಯರು ಗಡಿಗಳಾಗಿ ಸಮುದ್ರ, ನದಿ, ಅಡವಿ, ಪರ್ವತಗಳನ್ನು ಇರಿಸಿಕೊಳ್ಳಲು ಹೇಳಿದ್ದಾರೆ. ಇವೆಲ್ಲ ಎಲ್ಲರಿಗೂ ತಿಳಿದಿರುವಂಥವು, ವ್ರತ ಹಿಡಿಯುವವನ ಇಷ್ಟಕ್ಕೆ ಅಲುಗದಂಥವು. ಹರಿಹರದಲ್ಲಿ ಹರಿಯುವ ತುಂಗಭದ್ರೆಯನ್ನೇ ಗಡಿಯೆಂದವನಿಗೆ ಆಚೆ ದಡದ ಕುಮಾರಪಟ್ಟಣದಲ್ಲಿ ಲಾಭದ ವ್ಯಾಪಾರವಿದೆಯೆಂದು ನದಿಯು ಒಂದು ಗೇಣು ಉತ್ತರಕ್ಕೆ ಸರಿಯುವುದಿಲ್ಲ. ಪರಿಗ್ರಹದ ಮಿತಿಯೂ ಹಾಗೆಯೇ ಇರಬೇಕು. ಷೋರೂಮಿನಲ್ಲಿ ಕುಳಿತು, ಬೆಲೆಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಶ್ಚಯಿಸಿದ ಮಿತಿಯು ಕೊಂಡ ಸರಕಿಗೆ ಬರೆದ ರಸೀತಿಯಾಗುತ್ತದೆ. ಮಿತಿ ಮೊದಲು ಹುಟ್ಟಬೇಕು, ವಸ್ತು ಆ ಮಿತಿಯನ್ನು ಹುಡುಕಿಕೊಂಡು ಬರಬೇಕು. ವಸ್ತುವನ್ನು ಕಂಡ ಮೇಲೆ ಮಿತಿಯನ್ನು ಅದರ ಅಳತೆಗೆ ಹೊಲಿಸುವುದು ವ್ರತವಾಗದು.

ಹಾಗೆಂದು ಕೊಳ್ಳಬೇಕೆನ್ನುವವರ ಕಾರಣಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅವನ್ನು ಒಂದೊಂದಾಗಿ ತೂಗಬೇಕು. ಮೊದಲನೆಯದು ಪ್ರಾಣರಕ್ಷಣೆ. ಹೆದ್ದಾರಿಯಲ್ಲಿ ದಿನವೂ ಲಾರಿಗಳ ನಡುವೆ ಓಡಾಡುವವನಿಗೆ ಗಟ್ಟಿಯಾದ ಗಾಡಿ ಬೇಕೆಂಬುದು ಯೋಗ್ಯವಾದ ಮಾತು; ಸ್ವಪರಪ್ರಾಣಗಳ ರಕ್ಷಣೆ ಅಹಿಂಸೆಯ ಅಂಗವೇ. ಆದರೆ 2023ರ ಅಕ್ಟೋಬರಿನಿಂದ ನಮ್ಮ ದೇಶದಲ್ಲಿಯೇ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷಾಕ್ರಮವು ಜಾರಿಗೆ ಬಂದು, ಗುದ್ದಿನ ಪರೀಕ್ಷೆಯಲ್ಲಿ ಕಾರುಗಳಿಗೆ ನಕ್ಷತ್ರಗಳ ಶ್ರೇಣಿ ಕೊಡಲಾಗುತ್ತಿದೆ. ಮಧ್ಯಮ ಬೆಲೆಯ ಹಲವು ಕಾರುಗಳು ಐದು ನಕ್ಷತ್ರಗಳನ್ನು ಪಡೆದಿವೆ. ರಕ್ಷಣೆಗಾಗಿ ಕೊಳ್ಳುವವನಿಗೆ ಅಷ್ಟು ಸಾಕು. ಅದರಾಚೆಯ ಮೂವತ್ತು ನಲವತ್ತು ಲಕ್ಷ ರೂಪಾಯಿಗಳಿಗೆ ರಕ್ಷಣೆಯ ಹೆಸರನ್ನು ಇಡುವುದು ಸತ್ಯಾಣುವ್ರತಕ್ಕೂ ಕುಂದು ತರುತ್ತದೆ.

ಎರಡನೆಯದು ವ್ಯಾಪಾರದ ಗೌರವ. ಪುಣೆಯಿಂದ, ಬೆಂಗಳೂರಿನಿಂದ ಬರುವ ಗಿರಾಕಿಗಳು ಗಾಡಿಯನ್ನು ನೋಡಿ ಮಾಲಿಕನನ್ನು ಅಳೆಯುತ್ತಾರೆ ಎಂದು ಮಗನು ಹೇಳಬಹುದು. ಇದರಲ್ಲಿ ಅಲ್ಪಸ್ವಲ್ಪ ಸತ್ಯವಿದ್ದೀತು. ಆದರೆ ಹರಿಹರದಲ್ಲಿ ನಿಂತು ಈ ಮಾತನ್ನು ಹೇಳುವವನು ಆ ಊರಿನ ಚರಿತ್ರೆಯನ್ನು ನೆನೆಯಬೇಕು. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದಾದ್ಯಂತ ಹೆಸರು ಪಡೆದದ್ದು ನಿಖರವಾದ ಕೆಲಸದಿಂದ. ಅದರ ಒಡೆಯರು ಯಾವ ಕಾರಿನಲ್ಲಿ ಬರುತ್ತಿದ್ದರೆಂಬುದನ್ನು ಯಂತ್ರ ಕೊಂಡವರು ವಿಚಾರಿಸಲಿಲ್ಲ. ಅಂಥ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದ ಹತ್ತಿಗಿರಣಿಗಳ ವೈಭವವೂ ಹಿಂದಿನ ಮಾತಾಯಿತು. ಅನಿತ್ಯಾನುಪ್ರೇಕ್ಷೆಗೆ ಈ ಎರಡು ಊರುಗಳವರು ಗ್ರಂಥವನ್ನು ತೆರೆಯಬೇಕಾಗಿಯೇ ಇಲ್ಲ. ಗೌರವವನ್ನು ಸರಕಿನ ಗುಣದಲ್ಲಿಯೂ ಕೊಟ್ಟ ಮಾತಿನಲ್ಲಿಯೂ ಇರಿಸುವುದೇ ವ್ಯಾಪಾರಿಗೆ ಕ್ಷೇಮ.

ಮೂರನೆಯದು ಲಾಭದ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯು ಬದಲಾಗಿ, ಸಣ್ಣ ಕಾರುಗಳಿಗೆ ನೂರಕ್ಕೆ 18, ದೊಡ್ಡ ಕಾರುಗಳಿಗೆ ನೂರಕ್ಕೆ 40 ಎಂದಾಯಿತು. ಹಿಂದೆ ಉಪಕರ ಸೇರಿ ಇದಕ್ಕಿಂತ ಹೆಚ್ಚು ತೆರುತ್ತಿದ್ದ ಐಷಾರಾಮಿ ಕಾರುಗಳ ಬೆಲೆ ಇಳಿಯಿತು. ಈಗ ಕೊಂಡರೆ ಇಷ್ಟು ಲಕ್ಷ ಉಳಿತಾಯ ಎಂಬ ಮಾತು ಹುಟ್ಟಿತು. ಬೇಕಿಲ್ಲದ ವಸ್ತುವಿನ ಮೇಲೆ ಉಳಿಸಿದ ಹಣವು ಯಾವ ಖಾತೆಯಲ್ಲಿಯೂ ಜಮೆಯಾಗುವುದಿಲ್ಲ. ನಿಜವಾದ ಲೆಕ್ಕ ಬೇರೆಯೇ ಇದೆ. 50 ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ನೂರಕ್ಕೆ 18ರಂತೆ ಆಜೀವ ತೆರಿಗೆಯೇ 9 ಲಕ್ಷ ರೂಪಾಯಿ. ಅದರ ಮೇಲೆ ಉಪಕರ, ವಿಮೆ. 40 ಲಕ್ಷವನ್ನು ನೂರಕ್ಕೆ 9ರ ಬಡ್ಡಿಗೆ ಐದು ವರ್ಷಗಳ ಸಾಲವಾಗಿ ತಂದರೆ ತಿಂಗಳ ಕಂತು ಸುಮಾರು 83,000 ರೂಪಾಯಿ; ಬಡ್ಡಿಯೊಂದೇ ಒಟ್ಟು ಹತ್ತಿರ ಹತ್ತಿರ 10 ಲಕ್ಷ. ಕಂತಿನ ದಿನ ಬಂದಾಗ ಸಾಮಾಯಿಕಕ್ಕೆ ಕುಳಿತವನ ಮನಸ್ಸು ಎಲ್ಲಿರುವುದೆಂದು ಹೇಳಬೇಕಾಗಿಲ್ಲ. ತತ್ತ್ವಾರ್ಥಸೂತ್ರಕಾರರು ಮಮತ್ವಭಾವವನ್ನೇ ಪರಿಗ್ರಹದ ಲಕ್ಷಣವೆಂದದ್ದು ಇಂಥ ಅನುಭವದ ಬಲದಿಂದ.

ನಾಲ್ಕನೆಯದು ವೃದ್ಧರ ಸೌಖ್ಯ. ಮೊಣಕಾಲುನೋವಿನ ಅಜ್ಜಿಗೆ ಹತ್ತಿ ಇಳಿಯಲು ಅನುಕೂಲವಾದ, ಕುಲುಕದ ಗಾಡಿ ಬೇಕು ಎಂದರೆ ಆ ಮಾತನ್ನು ಗೌರವದಿಂದ ಕೇಳಬೇಕು. ಆದರೆ ನೆಲಕ್ಕೆ ತೀರ ಹತ್ತಿರವಿರುವ ಸೆಡಾನಿನಲ್ಲಿ ಕೂರುವುದು, ಏಳುವುದು ಅಂಥ ಅಜ್ಜಿಗೆ ಸುಲಭವೇ ಎಂಬುದನ್ನು ಅವಳನ್ನೇ ಕೇಳಿ ತಿಳಿಯಬೇಕು. ಎಷ್ಟೋ ವೇಳೆ ಹಿರಿಯರ ಹೆಸರು ಕಿರಿಯರ ಬಯಕೆಗೆ ಹೊದಿಕೆಯಾಗುತ್ತದೆ.

ಇನ್ನು ಹಿಂಸೆಯ ವಿಚಾರ. ಬೆಲೆ ಏರಿದಂತೆ ಕಾರಿನ ಆಸನಗಳಿಗೆ, ಸ್ಟಿಯರಿಂಗಿಗೆ ಚರ್ಮದ ಹೊದಿಕೆ ಬರುವುದುಂಟು. ಹಾಲಿನ ಲೋಟವನ್ನೂ ಸೋಸಿ ಕುಡಿಯುವ ಮನೆಯವರು ಪಂಚೇಂದ್ರಿಯ ಜೀವಿಯ ತೊಗಲಿನ ಮೇಲೆ ಕುಳಿತು ಬಸದಿಗೆ ಹೋಗುವುದು ಎಷ್ಟು ವಿಪರೀತ! ಕೃತಕ ಹೊದಿಕೆಯ ಕಾರುಗಳೂ ಇವೆ. ಕೊಳ್ಳಲೇಬೇಕಾದವನು ಇದನ್ನು ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಬೇಕು. ಭದ್ರಾ ನಾಲೆಯ ನೀರಿನಿಂದ ಭತ್ತ ಬೆಳೆಯುವ ಈ ಸೀಮೆಯಲ್ಲಿ ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತುವ ಈಚಲುಹುಳುಗಳು, ರಸ್ತೆ ದಾಟುವ ಕಪ್ಪೆಗಳು ಎಷ್ಟೆಂಬುದನ್ನು ಕಾರಿನ ಮುಂಗಾಜು ಬೆಳಗ್ಗೆ ಹೇಳುತ್ತದೆ. ಹಳೆಯ ಕಾರಿನಿಂದಲೂ ಹಿಂಸೆಯಾಗುತ್ತದೆ, ನಿಜ. ಆದರೆ ವೇಗದ ಸುಖಕ್ಕಾಗಿ ಕೊಂಡ ಗಾಡಿಯು ಮನೆಯಲ್ಲಿ ನಿಲ್ಲಗೊಡುವುದಿಲ್ಲ. ಕೆಲಸವಿಲ್ಲದೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸಮಂತಭದ್ರರು ಅನರ್ಥದಂಡದ ಭೇದವಾದ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಹೊಸ ಗಾಡಿ ತಂದ ಮೊದಲ ತಿಂಗಳು ಅದು ಎಷ್ಟು ದಾರಿ ಸವೆಸಿತು, ಅದರಲ್ಲಿ ಕಾರ್ಯಾರ್ಥವಾದದ್ದು ಎಷ್ಟು ಎಂದು ಬರೆದಿಟ್ಟರೆ ಉತ್ತರ ತಾನಾಗಿ ದೊರೆಯುತ್ತದೆ.

ಪರಿಗ್ರಹಪರಿಮಾಣದ ಅತಿಚಾರಗಳನ್ನು ಎಣಿಸುವಾಗ ಆ ಆಚಾರ್ಯರೇ ಅತಿವಾಹನವನ್ನು ಮೊದಲು ಹೇಳಿದ್ದಾರೆ. ಲೋಭದಿಂದ ಎತ್ತು ಮೊದಲಾದವನ್ನು ಅವುಗಳ ಶಕ್ತಿ ಮೀರಿ ನಡೆಸುವುದು ಎಂದು ಅದರ ಅರ್ಥ. ಅತಿಸಂಗ್ರಹದ ಅನಂತರ ಬರುವ ವಿಸ್ಮಯವೆಂದರೆ ಪರರ ಸಂಪತ್ತನ್ನು ಕಂಡು ಬೆರಗಾಗಿ ಕಳವಳಿಸುವುದು. ಇಂದು ಹೆಚ್ಚು ಮನೆಗಳಲ್ಲಿ ಕಾರನ್ನು ಒಳತರುವುದು ಈ ವಿಸ್ಮಯವೇ. ಎದುರುಮನೆಯವರ ಗಾಡಿ ಬಂದ ದಿನದಿಂದ ತಮ್ಮ ಗಾಡಿ ಹಳತಾಗುತ್ತದೆ. ಅಂದು ಅದರ ಎಂಜಿನ್ನಿಗೆ ಏನೂ ಆಗಿರುವುದಿಲ್ಲ.

ಈ ವಿಚಾರಕ್ಕೆ ಇನ್ನೊಂದು ಮಗ್ಗುಲೂ ಉಂಟು. ಹಳೆಯ ಕಾರನ್ನೇ ಇಟ್ಟುಕೊಂಡು, ಹೋದಲ್ಲೆಲ್ಲ ಅದನ್ನು ಹೇಳಿಕೊಂಡು, ಹೊಸ ಕಾರು ತಂದವರನ್ನು ಹಳಿಯುವವನೂ ಪರಿಗ್ರಹಿಯೇ. ಅಂತರಂಗ ಪರಿಗ್ರಹಗಳು ಹದಿನಾಲ್ಕು. ಅವುಗಳಲ್ಲಿ ಮಾನವೂ ಒಂದು. ಕಾರಿಲ್ಲದವನ ಮನೆಯಲ್ಲಿಯೂ ಅದು ನಿಂತಿರಬಹುದು. ಇನ್ನು ಕೆಲವರು ಒಂದು ಲಕ್ಷ ದಾನ ಕೊಟ್ಟು, ಆ ಪುಣ್ಯದ ಬಲದಿಂದ ಐವತ್ತು ಲಕ್ಷದ ಕಾರು ಕೊಳ್ಳಲು ಅನುಮತಿ ದೊರೆಯಿತೆಂದು ಭಾವಿಸುತ್ತಾರೆ. ದಾನವು ಮುಂಗಡವಾಗಿ ಕಟ್ಟಿದ ದಂಡವಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಿಗೆ ಹಣ ಉಳಿಯುವುದು ಮಿತಿಯಿಂದ; ಮಿತಿಯನ್ನು ಮೀರಲು ದಾನವನ್ನು ಮೆಟ್ಟಿಲಾಗಿಸಿಕೊಂಡರೆ ಎರಡೂ ಕೆಡುತ್ತವೆ.

ಹಾಗಾದರೆ ಆ ತಂದೆ ಏನು ಮಾಡಬೇಕು? ಇಲ್ಲಿ ಉಪವಾಸದ ಮರ್ಮವೇ ದಾರಿ ತೋರಿಸುತ್ತದೆ. ಭೋಗೋಪಭೋಗಪರಿಮಾಣದಲ್ಲಿ ಜೀವಾವಧಿಯ ತ್ಯಾಗಕ್ಕೆ ಯಮವೆಂದೂ ಕಾಲಮಿತಿಯ ತ್ಯಾಗಕ್ಕೆ ನಿಯಮವೆಂದೂ ಹೆಸರು. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಎಂದು ನಿಯಮದ ಕಾಲಗಳನ್ನು ಆಚಾರ್ಯರು ಹೇಳಿದ್ದಾರೆ. ಹಸಿವೆಗೂ ಚಪಲಕ್ಕೂ ಇರುವ ಭೇದವು ಉಪವಾಸದ ದಿನ ತಿಳಿಯುವುದು ಹೇಗೆ? ಚಪಲವು ಮಧ್ಯಾಹ್ನಕ್ಕೆ ಕೂಗಿ ಸಂಜೆಗೆ ಸುಮ್ಮನಾಗುತ್ತದೆ. ದೇಹದ ಹಸಿವೆ ಪಾರಣೆಯವರೆಗೂ ಇರುತ್ತದೆ. ವಸ್ತುವಿನ ಬಯಕೆಗೂ ಇದೇ ಪರೀಕ್ಷೆ ಸಲ್ಲುತ್ತದೆ.

ಒಂದು ಅಯನದ ಕಾಲ, ಅಂದರೆ ಆರು ತಿಂಗಳು, ಹೊಸ ವಾಹನವನ್ನು ಕೊಳ್ಳುವುದಿಲ್ಲ, ಮುಂಗಡ ಕೊಡುವುದಿಲ್ಲ, ಷೋರೂಮಿಗೆ ಹೋಗುವುದಿಲ್ಲ, ಜಾಹೀರಾತುಗಳನ್ನು ಹುಡುಕಿ ನೋಡುವುದಿಲ್ಲ ಎಂದು ತಂದೆಮಕ್ಕಳಿಬ್ಬರೂ ನಿಯಮ ಹಿಡಿಯಬಹುದು. ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸದ ಜೊತೆಗೆ ಕಾರಿಗೂ ಉಪವಾಸವಿರಲಿ. ಬಸದಿಗೆ ನಡೆದು ಹೋಗಲಿ, ಹರಿಹರಕ್ಕೆ ಬಸ್ಸಿದೆ, ರೈಲಿದೆ. ಮುನಿಸಂಘವು ಅದೇ ಹೆದ್ದಾರಿಯಲ್ಲಿ ಬರಿಗಾಲಿನಿಂದ ವಿಹಾರ ಮಾಡುತ್ತ ಬರುವಾಗ ನಾಲ್ಕು ಹೆಜ್ಜೆ ಜೊತೆಗೆ ನಡೆದ ಶ್ರಾವಕನು, ಹಿಂದೆ ನಿಧಾನವಾಗಿ ಬರುತ್ತಿರುವ ತನ್ನ ಕಾರನ್ನು ಒಮ್ಮೆ ತಿರುಗಿ ನೋಡಿದರೆ ಅದರ ನಿಜವಾದ ಸ್ಥಾನ ತಿಳಿಯುತ್ತದೆ. ಅದು ಕಾಲಿಗೆ ಬದಲಾಗಿ ಬಂದದ್ದು, ಅದಕ್ಕಿಂತ ಹೆಚ್ಚಿನದಲ್ಲ.

ಈ ಆರು ತಿಂಗಳೊಳಗೆ, ಒಂದು ಉಪವಾಸದ ದಿನ, ಯಾವ ಕಾರಿನ ಚಿತ್ರವೂ ಕಣ್ಣೆದುರು ಇಲ್ಲದಾಗ, ವ್ರತಪತ್ರದಲ್ಲಿ ಬಿಟ್ಟುಹೋದ ಮಾತನ್ನು ತಂದೆಯು ತುಂಬಬೇಕು: ವಾಹನ ಒಂದು, ಅದರ ಬೆಲೆ ಇಷ್ಟರೊಳಗೆ. ಆ ಅಂಕಿಯನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿಲ್ಲ. ಮನೆಯವರೆಲ್ಲರ ಎದುರಿಗೆ ಅದನ್ನು ಓದಿ ಹೇಳಿದರಾಯಿತು. ಅವಧಿ ಮುಗಿದ ಮೇಲೆ ಅಗತ್ಯವು ಉಳಿದಿದ್ದರೆ ಆ ಅಂಕಿಯೊಳಗೆ ಬರುವ ಗಾಡಿಯನ್ನು ನಿಃಶಂಕೆಯಿಂದ ಕೊಳ್ಳಲಿ, ಅದರಲ್ಲಿ ದೋಷವಿಲ್ಲ. ಬಯಕೆಯೇ ಆರಿಹೋಗಿದ್ದರೆ, ಕಟ್ಟದ ಕಂತುಗಳ ಹಣವು ಕೈಯಲ್ಲಿದೆ. ಅದರ ವಿನಿಯೋಗಕ್ಕೆ ಚತುರ್ವಿಧ ದಾನಗಳಿವೆ. ಅಂಕಿ ಚಿಕ್ಕದಾಗಿದ್ದು ಬಯಕೆ ಇನ್ನೂ ದೊಡ್ಡದಾಗಿಯೇ ಉಳಿದಿದ್ದರೆ ಆಗ ನಿಜವಾದ ವ್ರತಾಚರಣೆ ಆರಂಭವಾಗುತ್ತದೆ. ಬಯಕೆ ಇಲ್ಲದವನಿಗೆ ಇಚ್ಛಾಪರಿಮಾಣವನ್ನು ಬೋಧಿಸುವ ಅವಶ್ಯಕತೆ ಆಚಾರ್ಯರಿಗೆ ಇರಲಿಲ್ಲ.

ಮಗನ ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ. ಆಗಲೂ ಒಂದೇ ಅಲ್ಲವೆ ಎಂದು ಅವನು ಕೇಳಿದನು. ಗ್ಯಾರೇಜಿನಲ್ಲಿ ಎಣಿಸಿದರೆ ಒಂದೇ, ಮನಸ್ಸಿನಲ್ಲಿ ಎಣಿಸಿದರೆ ಅಲ್ಲ. ವ್ರತವನ್ನು ಎಣಿಸುವ ಸ್ಥಳವು ಯಾವುದೆಂದು ಅವನಿಗೆ ತಿಳಿಸಿಕೊಡುವುದು ತಂದೆಯ ಕರ್ತವ್ಯ. ಆ ತಿಳಿವಳಿಕೆಯು ದೊರೆತ ಮಗನು ಮುಂದೆ ಯಾವ ಕಾರನ್ನು ಏರಿದರೂ ಚಿಂತೆಯಿಲ್ಲ.